ಇದ್ದ ಜಾಗದಲ್ಲೇ

ಅಳಿಯ ದೋಣಿಯ ಸಾಮಾನನ್ನೆಲ್ಲ ಹೊರಗೆ ತೆಗೆದು ದೋಣಿ ಕಟ್ಟುವ ಧಕ್ಕೆಯ ಮೇಲೆ ಹರಡಿಕೊಂಡು ಕೂತಿದ್ದಾನೆ ಎಂಬ ಸುದ್ದಿ ಸಿಡಿಲಕ್ಕನಿಗೆ ಸಿಕ್ಕಿದ್ದು ಐಸ್ ಕಾರ್ಖಾನೆಯ ಬಾಗಿಲಲ್ಲಿ. ಹೇಳಿದವನು ಐಸ್ ಒಡೆಯುವವನು. "ನಿಮ್ಮ ಅಳಿಯಂದ್ರು ಇವತ್ತು ದೋಣಿಗೆ ಬಾಣಂತನ ಮಾಡ್ತಿದಾರಕ್ಕ. ಎಲ್ಲಾ ತೊಳೆದು, ಒರೆಸಿ, ಸಾಲಾಗಿ ಇಟ್ಟಿದಾರೆ" ಎಂದು ನಕ್ಕ. ಬೇರೆ ದಿನವಾಗಿದ್ದರೆ ಸಿಡಿಲಕ್ಕ ಅದಕ್ಕೆ ತನ್ನದೂ ಎರಡು ಮಾತು ಸೇರಿಸಿ ಅವನನ್ನು ಇನ್ನಷ್ಟು ನಗಿಸುತ್ತಿದ್ದಳು. ಇವತ್ತು ಅವಳು ನಗಲಿಲ್ಲ. ಬೆಳಗಿನ ಐಸಿಗೆ ಹೇಳಿ, ಬಿರಬಿರನೆ ಧಕ್ಕೆಯ ಕಡೆ ನಡೆದಳು.

ಸಿಡಿಲಕ್ಕ ಎಂದು ಹೆಸರಿಟ್ಟಿದ್ದು ಬಂದರಿನವರು. ಸಿಟ್ಟು ಬಂದರೆ ಅವಳ ಬಾಯಿಗೆ ತಡೆಯಿಲ್ಲ. ಉಳಿದವರಿಗೆ ಮೋಡ ಕಟ್ಟಿ ಆಮೇಲೆ ಸಿಡಿಲು ಬಡಿದರೆ ಇವಳದು ಮೊದಲು ಸಿಡಿಲು, ಆಮೇಲೆ ಮೋಡ ಎಂದು ಹೇಳುವವರಿದ್ದರು. ಮೀನಿನ ದಲ್ಲಾಳಿಯನ್ನೂ ಬಿಟ್ಟವಳಲ್ಲ, ಬಂದರಿನ ಅಧಿಕಾರಿಯನ್ನೂ ಬಿಟ್ಟವಳಲ್ಲ. ಅಂಥ ಬಾಯಿಯವಳು ಒಂದೇ ಒಂದು ಗುಟ್ಟನ್ನು ಮಾತ್ರ ಹಲ್ಲು ಕಚ್ಚಿ ಕಾಪಾಡಿಕೊಂಡು ಬಂದಿದ್ದಳು. ಅವಳ ಗಂಡನಿಗೆ ಕಣ್ಣು ಹೋಗುತ್ತಿತ್ತು.

ಮೊದಲು ಹೋದದ್ದು ನಕ್ಷತ್ರಗಳು. ಆಮೇಲೆ ಮುಸ್ಸಂಜೆಯಲ್ಲಿ ಮೆಟ್ಟಿಲು ತಪ್ಪತೊಡಗಿತು. ಪಕ್ಕದಲ್ಲಿ ನಿಂತವರು ಕಾಣಿಸದಾದರು. ದೂರದ ಊರಿನ ಕಣ್ಣಿನ ಡಾಕ್ಟರು ಎಲ್ಲ ನೋಡಿ, ಇದು ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುವ ಕಾಯಿಲೆ, ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದೆ, ಮದ್ದಿಲ್ಲ ಎಂದು ಹೇಳಿದ್ದರು. ಚೆನ್ನಾಗಿ ಬಿಸಿಲಿದ್ದರೆ ಎದುರಿಗಿರುವುದಷ್ಟು ಕಾಣುತ್ತದೆ. ಬೆಳಕು ಸ್ವಲ್ಪ ಮಂಕಾದರೂ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮದುವೆಯಾದ ಹೊಸತರಲ್ಲೂ ಅವನು ನಾಲ್ಕು ಜನರ ಎದುರು ಹಾಗೆ ಕೈ ಹಿಡಿದವನಲ್ಲ.

"ಯಾರಿಗೂ ಹೇಳ್ಬೇಡ ಕಣೇ" ಎಂದಿದ್ದ. "ಮಗಳಿಗೂ ಬೇಡ. ಬಂದರು ಕಚೇರಿಗೆ ಗೊತ್ತಾದ್ರೆ ಲೈಸೆನ್ಸ್ ಕಿತ್ಕೊಳ್ತಾರೆ. ದೋಣಿ ಹೋದ್ಮೇಲೆ ನಾನು ದಡದಲ್ಲಿ ಕೂತು ಏನು ಮಾಡ್ಲಿ, ಹೇಳು."

ಅವಳು ಆಣೆ ಇಟ್ಟಳು. ಆಣೆ ಇಟ್ಟರೆ ಅವಳು ಮುರಿಯುವುದಿಲ್ಲ. ಆದರೆ ಬರೀ ಬಾಯಿ ಮುಚ್ಚಿಕೊಂಡರೆ ಗಂಡ ಬದುಕುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅವರದು ಬಲೆಯ ದೋಣಿಯಲ್ಲ, ಗಾಳದ ದೋಣಿ. ಒಂದೊಂದು ಬುಟ್ಟಿಯಲ್ಲೂ ಉದ್ದದ ಹಗ್ಗವನ್ನು ಸುತ್ತಿ ಸುತ್ತಿ ಇಟ್ಟಿರುತ್ತಾರೆ. ಹಗ್ಗಕ್ಕೆ ಮಾರು ಮಾರು ಬಿಟ್ಟು ಸಣ್ಣ ದಾರಗಳು, ದಾರಕ್ಕೊಂದು ಗಾಳ. ಗಾಳಗಳನ್ನೆಲ್ಲ ಬುಟ್ಟಿಯ ಅಂಚಿನ ಬೆಂಡಿಗೆ ಸಾಲಾಗಿ ಚುಚ್ಚಿಟ್ಟಿರುತ್ತಾರೆ. ಸಮುದ್ರಕ್ಕೆ ಹೋದ ಮೇಲೆ ಹಗ್ಗದ ತುದಿಯ ಕಲ್ಲನ್ನು ನೀರಿಗೆ ಬಿಟ್ಟು ದೋಣಿಯನ್ನು ನಿಧಾನಕ್ಕೆ ಮುಂದಕ್ಕೆ ನಡೆಸಿದರೆ ಸಾಕು, ಹಗ್ಗ ತಾನಾಗಿ ಬಿಚ್ಚಿಕೊಳ್ಳುತ್ತ ಓಡುತ್ತದೆ, ಗಾಳಗಳು ಅಂಚಿನಿಂದ ಒಂದರ ಹಿಂದೊಂದು ಹಾರುತ್ತವೆ. ಆ ಓಟದಲ್ಲಿ ಕೈಯೋ ಕಾಲೋ ಅಡ್ಡ ಬಂದರೆ ಗಾಳಕ್ಕೆ ಮೀನೂ ಒಂದೇ, ಮನುಷ್ಯನೂ ಒಂದೇ. ಬೆರಳು ಕಳೆದುಕೊಂಡವರು ಆ ಬಂದರಿನಲ್ಲಿ ಬೀದಿಗೊಬ್ಬರಿದ್ದರು.

ಅದಕ್ಕೇ ಗಂಡ ಹೆಂಡತಿ ಕೂತು ದೋಣಿಯನ್ನು ಕೈಗೆ ಕಲಿಸಿದರು. ಗಾಳದ ಬುಟ್ಟಿಗಳು ಹಿಂಭಾಗದಲ್ಲಿ, ಬಲಗಡೆಯ ಅಂಚಿಗೆ ಒತ್ತಿಕೊಂಡು. ಬರೀ ಹಗ್ಗದ ಬುಟ್ಟಿಗಳು ಎಡಕ್ಕೆ. ಕಲ್ಲುಗಳು ನಡುವೆ. ಕತ್ತಿ ಕಂಬದ ಮೊಳೆಯಲ್ಲಿ. ಯಾವುದೂ ಒಂದು ಬೆರಳಿನಷ್ಟೂ ಅತ್ತಿತ್ತ ಸರಿಯುವ ಹಾಗಿಲ್ಲ. ದಿನಾ ಸಂಜೆ ಗಾಳ ಚುಚ್ಚಿ, ಸಾಮಾನು ಜೋಡಿಸಿ, ಮೇಲೆ ಟಾರ್ಪಾಲು ಹೊದೆಸಿ ಬಿಗಿದು ಕಟ್ಟುವ ಕೆಲಸ ಸಿಡಿಲಕ್ಕನದೇ. ಯಜಮಾನ ಕಣ್ಣು ಬಿಟ್ಟುಕೊಂಡೇ ಕುರುಡನಾಗಿ ಆ ದೋಣಿಯಲ್ಲಿ ಓಡಾಡುತ್ತಿದ್ದ. ನೋಡಿದವರು, ಏನು ಅಭ್ಯಾಸ ನೋಡು, ಒಂದು ಸಲವಾದರೂ ತಲೆ ಬಗ್ಗಿಸಿ ಕೈ ಹಾಕುವುದಿಲ್ಲ ಎಂದು ಹೊಗಳುತ್ತಿದ್ದರು. ಹೊಗಳಿಕೆ ಕೇಳಿದಾಗಲೆಲ್ಲ ಸಿಡಿಲಕ್ಕ ಮಾತು ಬದಲಾಯಿಸುತ್ತಿದ್ದಳು.

ಅಂಥ ದೋಣಿಗೆ ಈಗ ಅಳಿಯ ಕೈ ಹಾಕಿದ್ದ.

ಅಳಿಯ ಮೊದಲು ಜನರನ್ನು ದಾಟಿಸುವ ದೊಡ್ಡ ದೋಣಿಯಲ್ಲಿ ಕೆಲಸಕ್ಕಿದ್ದವನು. ಮಗಳನ್ನು ಮದುವೆಯಾದ ಮೇಲೆ ಮಾವನ ಜೊತೆ ಬಂದು ಸೇರಿಕೊಂಡ. ಕೆಲಸಗಾರ, ಮಾತು ಕಡಿಮೆ, ಕುಡಿತವಿಲ್ಲ. ಆದರೆ ಚಪ್ಪಲಿ ಬಿಟ್ಟರೂ ಗೋಡೆಗೆ ಗೆರೆ ಎಳೆದ ಹಾಗೆ ಬಿಡುತ್ತಿದ್ದ, ಒಗೆದ ಟವೆಲನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ. ಹಿಂದಿನಿಂದ ಸಿಡಿಲಕ್ಕ ಅವನನ್ನು ಅಚ್ಚುಕಟ್ಟಪ್ಪ ಎಂದೇ ಕರೆಯುವುದು. ಎದುರಿಗೆ ಮಾತ್ರ ನೀವು, ತಾವು. ಆ ಬಹುವಚನದಲ್ಲಿ ಮರ್ಯಾದೆ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂಬುದು ಅಳಿಯನಿಗೂ ಗೊತ್ತಿದ್ದಿರಬೇಕು.

ಅವಳು ಹೋದಾಗ ಅವನು ಒಂದು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತುತ್ತಿದ್ದ. ಪಕ್ಕದಲ್ಲಿ ಹಾಗೆ ಸುತ್ತಿ ಮುಗಿದ ಬುಟ್ಟಿಗಳು ಸಾಲಾಗಿ ಕೂತಿದ್ದವು.

"ಏನಿದು ಅಳಿಯಂದ್ರೇ, ಬುಟ್ಟಿಗಳಿಗೆ ಗಾಯ ಆಗಿದೆಯಾ?" ಎಂದಳು.

ಅವನು ಎದ್ದು ನಿಂತ. "ಬನ್ನಿ ಅತ್ತೆ. ಸಾಮಾನೆಲ್ಲ ಒಂದು ಲೆಕ್ಕಕ್ಕೆ ತರೋಣ ಅಂತ. ಗಾಳದ ಬುಟ್ಟಿ ಬಲಗಡೆ ಅಂಚಿಗೇ ಇದ್ರೆ ಓಡಾಡೋಕೆ ದಾರಿ ಇರಲ್ಲ. ಅದನ್ನ ಎಡಕ್ಕೆ ಹಾಕ್ತೀನಿ. ಬಲಗಡೆ ಪೂರ್ತಿ ಖಾಲಿ ಬಿಡ್ತೀನಿ, ಒಬ್ಬರು ಸಲೀಸಾಗಿ ನಡೆಯೋ ಅಷ್ಟು."

"ಇದ್ದ ಜಾಗದಲ್ಲೇ ಇರ್ಲಿ. ಇಷ್ಟು ವರ್ಷ ಹಾಗೇ ಇತ್ತು. ಯಾರಿಗೂ ಏನೂ ಆಗಿಲ್ಲ."

"ಆಗೋ ತನಕ ಯಾಕೆ ಕಾಯ್ಬೇಕು ಅತ್ತೆ? ಮಾವನಿಗೆ ಹೇಳಿದೀನಿ. ಅವರೂ ಒಪ್ಪಿದಾರೆ."

ಅವಳ ನಾಲಿಗೆ ತುದಿಗೆ ಹತ್ತು ಮಾತು ಬಂದವು. ಒಂದನ್ನೂ ಆಡುವ ಹಾಗಿರಲಿಲ್ಲ. ಏನೇ ಆಡಿದರೂ ಅವನು ಯಾಕೆ ಎಂದು ಕೇಳುತ್ತಿದ್ದ, ಆ ಯಾಕೆಗೆ ಅವಳ ಹತ್ತಿರ ಹೇಳಬಹುದಾದ ಉತ್ತರವಿರಲಿಲ್ಲ. ಮಾವ ಒಪ್ಪಿದ್ದಾರಂತೆ. ಒಪ್ಪದೆ ಏನು ಮಾಡುತ್ತಾರೆ? ಒಪ್ಪದಿದ್ದರೆ ಗುಟ್ಟು ಬಯಲಾಗುತ್ತದೆ. ನಡೆದುಕೊಂಡು ಮನೆಗೆ ಬರುವಾಗ ಅವಳ ತಲೆಯಲ್ಲಿ ಇನ್ನೊಂದು ಕೆಟ್ಟ ಯೋಚನೆ ಹೊಕ್ಕಿತು. ಇವನಿಗೆ ಅನುಮಾನ ಬಂದಿದೆ. ಮುದುಕನಿಗೆ ಕಾಣಿಸುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾನೆ. ಸಾಮಾನು ಬದಲಾಯಿಸಿ ಇಟ್ಟು, ಮಾವ ಎಲ್ಲಿ ಎಡವುತ್ತಾನೆ ಎಂದು ನೋಡುತ್ತ ನಿಲ್ಲುತ್ತಾನೆ. ಹುಳಿ ಹಿಂಡುವ ಯೋಚನೆ ಒಂದು ಸಲ ಬಂತೆಂದರೆ ಮನಸ್ಸು ಹಾಲಾಗಿ ಉಳಿಯುತ್ತದೆಯೇ? ಮನೆಯ ಬಾಗಿಲು ತಲುಪುವಷ್ಟರಲ್ಲಿ ಅವಳಿಗೆ ಅದೇ ನಿಜವೆನಿಸಿತ್ತು.

ಸಂಜೆ ಊಟಕ್ಕೆ ಮೊದಲು ಗಂಡ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಅವಳೂ ಹಿಂದೆ ಹೋದಳು.

"ದೋಣಿ ಸಾಮಾನೆಲ್ಲ ಅಡಿಮೇಲು ಮಾಡಿಟ್ಟಿದಾನೆ. ನೀವು ಹೂಂ ಅಂದ್ರಂತೆ."

"ಹೂಂ ಅಂದೆ."

"ನಾಳೆ ಬೆಳಿಗ್ಗೆ ಕತ್ತಲಲ್ಲಿ ಎಲ್ಲಿ ಅಂತ ಕೈ ಹಾಕ್ತೀರಿ? ನನ್ನ ಹೊಟ್ಟೆ ಉರಿಸ್ಬೇಡಿ."

ಯಜಮಾನ ಮುಖಕ್ಕೆ ನೀರು ಹಾಕಿಕೊಂಡ. ಏನೋ ಹೇಳಲು ಹೊರಟವನು ಅವಳ ಉಸಿರಿನ ರಭಸ ಕೇಳಿ ತಡೆದುಕೊಂಡ. "ನೀನು ತಲೆ ಕೆಡಿಸ್ಕೋಬೇಡ. ನಾನು ನೋಡ್ಕೋತೀನಿ ಬಿಡು" ಎಂದ. ಟವೆಲಿಗಾಗಿ ಗೋಡೆ ತಡವುತ್ತಿದ್ದ ಅವನ ಕೈಯನ್ನೇ ಅವಳು ದಿಟ್ಟಿಸಿದಳು. ಟವೆಲನ್ನು ಅಳಿಯ ಮಡಿಸಿ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದ. ಕೈ ಖಾಲಿ ಮೊಳೆಯನ್ನೇ ಎರಡು ಸಲ ಸವರಿತು. ಅವಳು ಟವೆಲನ್ನು ತೆಗೆದು ಅವನ ಕೈಗೆ ತುರುಕಿದಳು.

ಊಟವಾದ ಮೇಲೆ ಮಾವ ಅಳಿಯ ಇಬ್ಬರೂ ಇಂಜಿನ್ನಿನ ಕೆಲಸವಿದೆ ಎಂದು ಮತ್ತೆ ದೋಣಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸಿಡಿಲಕ್ಕ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದಳು. ಮಗಳು ಒಂದೆರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ಅಮ್ಮನ ಮುಖ ನೋಡಿ ಹಾಗೇ ಹೋದಳು.

ಬೆಳಗಿನ ಜಾವ ಗಂಡಸರು ಇನ್ನೂ ಚಹಾ ಕುಡಿಯುತ್ತಿರುವಾಗ, ಐಸ್ ಇಟ್ಟು ಬರುತ್ತೇನೆ ಎಂದು ಹೇಳಿ ಅವಳು ಮೊದಲೇ ಹೊರಟಳು. ಆಕಾಶ ಕಪ್ಪಗೆ ಕೆಳಗಿಳಿದಿತ್ತು. ಬೆಳಗಾಗಬೇಕಾದ ಹೊತ್ತಿಗೂ ಬೆಳಕು ಬರಲು ಹಿಂದೆಮುಂದೆ ನೋಡುತ್ತಿತ್ತು. ಬಂದರಿನ ನೀರು ಎಣ್ಣೆಯ ಹಾಗೆ ದಪ್ಪಗಿತ್ತು, ಒಂದು ಸಣ್ಣ ಅಲೆಯೂ ಇಲ್ಲ. ಆದರೂ ದೋಣಿಗಳು ಒಂದಕ್ಕೊಂದು ಮೈ ಉಜ್ಜಿಕೊಂಡು ನರಳುತ್ತಿದ್ದವು. ಹೊರಗೆ ಎಲ್ಲೋ ದೂರದಲ್ಲಿ ಸಮುದ್ರ ಉಬ್ಬುತ್ತಿದ್ದರೆ ಒಳಗೆ ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳಿಗದು ಇಷ್ಟವಾಗಲಿಲ್ಲ.

ಟಾರ್ಪಾಲು ಬಿಚ್ಚಿದಳು. ಅಳಿಯ ಎಲ್ಲವನ್ನೂ ಅಂಗಡಿಯಲ್ಲಿ ಜೋಡಿಸಿದ ಹಾಗೆ ಜೋಡಿಸಿದ್ದ. ಗಾಳದ ಬುಟ್ಟಿಗಳು ಎಡಕ್ಕೆ, ಹಗ್ಗದ ಬುಟ್ಟಿಗಳು ನಡುವೆ, ಬಲಗಡೆ ಕ್ಯಾಬಿನ್ನಿನಿಂದ ಹಿಂಭಾಗದ ತನಕ ಖಾಲಿ ಜಾಗ. ನೋಡಲು ಚೆಂದವೇ. ಆ ಚೆಂದ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಕ್ಯಾಬಿನ್ನಿನ ಹಿಂದೆ ಅವನು ನೇತು ಹಾಕಿದ್ದ ತೇಲುವ ಟ್ಯೂಬನ್ನು ಇಳಿಸಿ ಅದರ ಹಳೆಯ ಜಾಗಕ್ಕೆ ತುರುಕಿದಳು. ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ಹಳೆಯ ಜಾಗಕ್ಕೆ ತಂದಳು. ಬಲಗಡೆಯ ಅಂಚಿಗೆ ಒತ್ತಿ, ಒಂದರ ಹಿಂದೊಂದು, ತನ್ನ ಗಂಡನ ಮೊಣಕೈ ಎಲ್ಲಿ ಬರುತ್ತದೆ, ಬೆರಳು ಎಲ್ಲಿ ಇಳಿಯುತ್ತದೆ ಎಂದು ಅಳೆದು ಇಟ್ಟಳು. ಕಲ್ಲುಗಳನ್ನು ಸರಿಸಿದಳು. ಕತ್ತಿಯನ್ನು ಅದರ ಮೊಳೆಗೆ ಹಾಕಿದಳು. ಹಿಡಿಗಳಿಗೆ ಸುತ್ತಿದ್ದ ಪಟ್ಟಿಗಳನ್ನು ನೋಡಿ, ಈ ಚಿಂದಿ ಒದ್ದೆಯಾದರೆ ಕೈ ಜಾರುತ್ತದೆ ಎಂದು ಗೊಣಗಿಕೊಂಡು ಎಲ್ಲವನ್ನೂ ಬಿಚ್ಚಿ ಉಂಡೆ ಮಾಡಿ ಧಕ್ಕೆಯ ಮೇಲೆ ಎಸೆದಳು. ಬೆನ್ನು ನೋಯುತ್ತಿತ್ತು, ಬೆರಳಿಗೆ ಎರಡು ಕಡೆ ಗಾಳ ಚುಚ್ಚಿತ್ತು. ಮನಸ್ಸು ಮಾತ್ರ ಹಗುರವಾಗಿತ್ತು. ಗಂಡನ ಕಣ್ಣನ್ನು ವಾಪಸು ತಂದು ಅವನ ಮುಖಕ್ಕೆ ಇಟ್ಟಷ್ಟು ಸಮಾಧಾನ. ಟಾರ್ಪಾಲು ಹೊದೆಸಿ ಬಿಗಿದಳು.

ಗಂಡಸರು ಬಂದರು. ಅಳಿಯ ನೇರವಾಗಿ ಕ್ಯಾಬಿನ್ನಿಗೆ ನುಗ್ಗಿ ಇಂಜಿನ್ನಿನ ಮೇಲೆ ಬಗ್ಗಿದ. ಮೂರು ದಿನದಿಂದ ಅದು ಬೆಳಿಗ್ಗೆ ಹಟ ಮಾಡುತ್ತಿತ್ತು. ಯಜಮಾನ ಟಾರ್ಪಾಲಿನ ಅಂಚು ಸವರಿ, ಹಗ್ಗ ಮುಟ್ಟಿ ನೋಡಿದ.

"ನೀನು ಕಟ್ಟಿದ್ದಾ?"

"ಐಸ್ ಇಟ್ಟೆ. ಹಾಗೇ ಬಿಗಿ ಮಾಡ್ದೆ."

ಹೇಳಿಬಿಡಬೇಕು ಎಂದು ಅವಳಿಗೆ ಬಲವಾಗಿ ಅನಿಸಿತು. ಅಷ್ಟರಲ್ಲಿ ಅಳಿಯ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಹಾಕಿ ಬಟ್ಟೆಗೆ ಕೈ ಒರೆಸಿಕೊಂಡ. ಅವಳು ಗಂಡನ ಹತ್ತಿರ ಬಂದು, ಅವನಿಗಷ್ಟೇ ಅರ್ಥವಾಗಲಿ ಎಂದು ಮೆಲ್ಲಗೆ, "ಎಲ್ಲಾ ಸರಿ ಇದೆ. ಭಯ ಬೇಡ" ಎಂದಳು.

"ಗೊತ್ತು ಕಣೇ" ಎಂದು ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಆ ನಗು ಕಂಡು ಅವಳಿಗೂ ನಗು ಬಂತು. ಇಂಜಿನ್ನು ಕೆಮ್ಮಿ ಹತ್ತಿಕೊಂಡಿತು. ದೋಣಿ ತಿರುಗಿ, ತಡೆಗೋಡೆಯ ಬಾಯಿ ದಾಟುವಾಗ ಒಂದು ದೊಡ್ಡ ಉಬ್ಬರ ಅದನ್ನು ಎತ್ತಿ ಇಳಿಸಿತು. ಆಮೇಲೆ ಮಂಕಿನಲ್ಲಿ ಅದು ಕಾಣಲಿಲ್ಲ.

ಮನೆಗೆ ಬಂದಾಗ ಮಗಳು ಅಂಗಳ ಗುಡಿಸಿ ಮುಗಿಸಿ, ಒಲೆಯ ಮುಂದೆ ನಿಂತಿದ್ದಳು. ಸಿಡಿಲಕ್ಕ ಒಂದು ಲೋಟ ಚಹಾ ಬಗ್ಗಿಸಿಕೊಂಡು ಹೊಸ್ತಿಲ ಮೇಲೆ ಕೂತಳು. ಬಾಯಿಗೆ ರುಚಿ ಬಂದಿತ್ತು, ಮಾತಿಗೂ ರುಚಿ ಬಂದಿತ್ತು.

"ನಿನ್ನ ಗಂಡನಿಗೆ ಹೇಳು, ಮನೆ ಜೋಡಿಸೋದು ಬೇರೆ, ದೋಣಿ ಜೋಡಿಸೋದು ಬೇರೆ ಅಂತ. ಎಲ್ಲಾನೂ ಮೊದಲಿದ್ದ ಹಾಗೇ ಇಟ್ಟು ಬಂದಿದೀನಿ. ಬುಟ್ಟಿಗೆ ಕಟ್ಟಿದ್ದ ಚಿಂದಿನೂ ಬಿಚ್ಚಿ ಎಸೆದೆ."

ಮಗಳು ತಿರುಗಿದಳು. "ಏನಂದೆ?"

"ಕೇಳಿಸ್ಲಿಲ್ವಾ? ಇದ್ದ ಜಾಗಕ್ಕೆ ಇಟ್ಟೆ ಅಂದೆ."

"ಅಮ್ಮ, ಅಪ್ಪನಿಗೆ ಹೇಳ್ದೆಯಾ?"

"ಹೇಳೋದೇನು, ಅವರಿಗೆ ಗೊತ್ತೇ..." ಎಂದವಳು ಮಗಳ ಮುಖ ನೋಡಿ ನಿಲ್ಲಿಸಿದಳು. 

"ಅಪ್ಪನ ಕಣ್ಣಿಗೋಸ್ಕರಾನೇ ಅಮ್ಮ ಅವರು ಎಲ್ಲಾ ಬದಲಾಯಿಸಿದ್ದು. ಅಪ್ಪನೇ ಅವರ ಹತ್ರ ಹೇಳ್ಕೊಂಡ್ರು, ಹೋದ ವಾರ. ಬಲಗಡೆ ಗಾಳದ ಬುಟ್ಟಿಗೆ ಕಾಲು ಸಿಕ್ಕಿ ಬೀಳೋ ಹಾಗಾಗಿತ್ತಂತೆ. ಅದಕ್ಕೇ ಒಂದು ಕಡೆ ದಾರಿ ಖಾಲಿ ಬಿಟ್ಟಿದ್ದು. ಬಟ್ಟೆ ಸುತ್ತಿದ್ರೆ ಗಾಳ ಇದೆ, ಮುಟ್ಬೇಡಿ ಅಂತ. ಸುತ್ತಿಲ್ದಿದ್ರೆ ಬರೀ ಹಗ್ಗ, ಧೈರ್ಯವಾಗಿ ಕೈ ಹಾಕಿ ಅಂತ. ನಿನ್ನೆ ಊಟ ಆದ್ಮೇಲೆ ಇಬ್ರೂ ಅಲ್ಲೇ ಇದ್ರು. ಅಪ್ಪ ಒಂದೊಂದೂ ಮುಟ್ಟಿ ಮುಟ್ಟಿ ಕಲ್ತ್ಕೊಂಡ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಹತ್ರ ಆಣೆ ಹಾಕಿಸ್ಕೊಂಡು ತಾವೇ ಬಾಯಿ ಬಿಟ್ರು ಅಂತ ಗೊತ್ತಾದ್ರೆ ನೀನು ಸುಮ್ನೆ ಬಿಡ್ತೀಯಾ? ಇವತ್ತು ಬಂದ್ಮೇಲೆ ಹೇಳ್ತೀನಿ ಅಂದಿದ್ರು."

ಲೋಟ ಎಲ್ಲಿ ಬಿತ್ತೋ ಸಿಡಿಲಕ್ಕನಿಗೆ ಗೊತ್ತಾಗಲಿಲ್ಲ. ತಾಯಿ ಮಗಳು ಇಬ್ಬರೂ ಬಂದರಿನ ಕಡೆ ಓಡುತ್ತಿದ್ದರು. ಬಟ್ಟೆ ಇಲ್ಲದ ಬುಟ್ಟಿ, ಧೈರ್ಯವಾಗಿ ಕೈ ಹಾಕಿ. ಬಟ್ಟೆ ಇಲ್ಲದ ಬುಟ್ಟಿ. ಈಗ ಆ ದೋಣಿಯಲ್ಲಿ ಒಂದು ಬುಟ್ಟಿಗೂ ಬಟ್ಟೆ ಇರಲಿಲ್ಲ.

ವಯರ್‌ಲೆಸ್ ಕೋಣೆ ಬಂದರಿನ ಮೂಲೆಯಲ್ಲಿ, ಒಂದು ಮೇಜು, ಒಂದು ಕಿಟಕಿಯ ಜಾಗ. ಗುಮಾಸ್ತ ವಯರ್‌ಲೆಸ್ ಪೆಟ್ಟಿಗೆಯ ಮುಂದೆ ಕೂತಿದ್ದ. ಐಸ್ ಒಡೆಯುವವನು ಮತ್ತು ಇನ್ನಿಬ್ಬರು ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಒಬ್ಬರು ಆಡಿದ ಮಾತು ಎಲ್ಲ ದೋಣಿಗಳಿಗೂ ಕೇಳುತ್ತದೆ. ಮೊಮ್ಮಗು ಹುಟ್ಟಿದ್ದರಿಂದ ಹಿಡಿದು ಜಗಳದ ತನಕ ಇಡೀ ಬಂದರಿಗೆ ಸುದ್ದಿ ಹರಡುವುದು ಇಲ್ಲಿಂದಲೇ.

ಗುಮಾಸ್ತ ಅವರ ದೋಣಿಯನ್ನು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಬರೀ ಸೊರಸೊರ ಸದ್ದು.

"ಇಬ್ರೂ ಹಿಂದೆ ಗಾಳ ಬಿಡ್ತಿರ್ಬೇಕು ಅಕ್ಕ. ಆಮೇಲೆ ಕರೆಯೋಣ."

ಸಿಡಿಲಕ್ಕ ಅವನ ಕೈಯಿಂದ ಮೈಕು ಕಿತ್ತುಕೊಂಡಳು. "ರೀ, ಕೇಳಿಸ್ತಿದೆಯಾ? ಸಾಮಾನು ಬದಲಾಯಿಸಿದೀನಿ ರೀ. ಟಾರ್ಪಾಲು ತೆಗೀಬೇಡಿ. ಏನೂ ಮುಟ್ಬೇಡಿ."

ಗಂಡನ ಧ್ವನಿ ಬರಲಿಲ್ಲ. ಬೇರೆ ಯಾವುದೋ ದೋಣಿಯ ಚುಕ್ಕಾಣಿಯವನದು ಬಂತು. ಅವನ ದನಿಯಲ್ಲಿ ನಗುವಿತ್ತು. "ಏನಕ್ಕ, ಬೆಳಿಗ್ಗೆ ಬೆಳಿಗ್ಗೆ ಅಣ್ಣನಿಗೆ ಕ್ಲಾಸು?"

"ತಮಾಷೆ ಅಲ್ಲಪ್ಪ. ನೀನು ಹತ್ರ ಇದೀಯಾ? ಅವರ ದೋಣಿ ಹತ್ರ ಹೋಗಿ ಕೂಗಿ ಹೇಳು. ಬುಟ್ಟಿಗಳು ಹಳೇ ಜಾಗದಲ್ಲೇ ಇವೆ ಅಂತ."

"ಸ್ವಲ್ಪ ದೂರ ಇದೀವಿ ಅಕ್ಕ, ನಮ್ಮದೂ ಹಗ್ಗ ನೀರಲ್ಲಿದೆ. ಬುಟ್ಟಿ ಎಲ್ಲಿದೆ ಅಂತ ನೋಡಿದ್ರೆ ಕಾಣಲ್ವಾ? ಅಣ್ಣ ಏನು ಕುರುಡಾ?"

ಗೋಡೆಗೆ ಒರಗಿದವರು ನಕ್ಕರು. ಸಿಡಿಲಕ್ಕನ ಬೆರಳು ಮೈಕಿನ ಗುಂಡಿಯ ಮೇಲೇ ಇತ್ತು. ಒತ್ತಿ, ಹೌದಪ್ಪ, ಕುರುಡು ಎಂದರೆ ಸಾಕು, ಅವನು ಹಗ್ಗ ಕಡಿದು ಓಡುತ್ತಾನೆ. ಆ ಒಂದು ಮಾತಿನಿಂದ ಗಂಡನ ಲೈಸೆನ್ಸು, ದೋಣಿ, ಈ ಬಂದರಿನಲ್ಲಿ ತಲೆ ಎತ್ತಿ ನಡೆಯುವ ಅವನ ಹೆಮ್ಮೆ ಎಲ್ಲ ಮುಗಿಯುತ್ತದೆ. ಬಸ್ಸಿನಲ್ಲಿ ಅವನು ಹಿಡಿದ ಕೈ ಇದೇ ಕೈ. ಜನ್ಮದಲ್ಲಿ ಎಂದೂ ಮಾತಿಗೆ ತಡವರಿಸದವಳು ಆಗ ಗುಂಡಿ ಒತ್ತಲಿಲ್ಲ.

"ಹೇಳಮ್ಮ" ಎಂದಳು ಮಗಳು.

"ಒಂದ್ನಿಮಿಷ. ಅವರೇ ಬರಬಹುದು."

"ಅಮ್ಮ, ಹೇಳು."

ಪೆಟ್ಟಿಗೆ ತಾನೇ ಮಾತಾಡಿತು. ಯಜಮಾನನೇ. ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು.

"ಯಾರಾದ್ರೂ ಬನ್ರಪ್ಪ. ಹುಡುಗ ನೀರಿಗೆ ಬಿದ್ದಿದಾನೆ. ಗಾಳ ನನ್ನ ಕೈಗೆ ಹೊಕ್ಕಿತು, ಕೂಗ್ಕೊಂಡೆ. ದಾರಿ ಇದೆ ಅಂದ್ಕೊಂಡು ಓಡಿ ಬಂದ. ದಾರೀಲಿ ಬುಟ್ಟಿ ಇತ್ತು. ಇಂಜಿನ್ ನಿಲ್ಲಿಸಿದೀನಿ. ಕೂಗೋದು ಕೇಳಿಸ್ತಿದೆ, ಎಲ್ಲಿ ಅಂತ ಕಾಣಿಸ್ತಿಲ್ಲ. ನನಗೆ ಕಣ್ಣು ಕಾಣಲ್ಲ. ಕೇಳಿಸ್ತಾ? ನನಗೆ ಕಣ್ಣು ಕಾಣಲ್ಲ."

ಬೀಡಿ ಸೇದುತ್ತಿದ್ದವರು ಗೋಡೆ ಬಿಟ್ಟು ನೆಟ್ಟಗೆ ನಿಂತರು. ಗುಮಾಸ್ತ ತಲೆ ತಗ್ಗಿಸಿದ. ಆಗ ನಕ್ಕಿದ್ದ ಚುಕ್ಕಾಣಿಯವನು, ಬಂದೆ ಅಣ್ಣ, ಹಗ್ಗ ಕಡೀತಿದೀನಿ, ಬಂದೆ ಎಂದು ಒಂದೇ ಸಮನೆ ಹೇಳುತ್ತಿದ್ದ. ಅವನು ಎಷ್ಟು ದೂರದಲ್ಲಿದ್ದಾನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಣ್ಣಿದ್ದವನು ನೋಡಿಕೊಂಡು ನಡೆಯುತ್ತಾನೆ ಬಿಡು ಎಂದು ಸಿಡಿಲಕ್ಕ ಅಳಿಯನ ಬಗ್ಗೆ ಚಿಂತೆಯನ್ನೇ ಮಾಡಿರಲಿಲ್ಲ. ತಾನೇ ಖಾಲಿ ಮಾಡಿಟ್ಟ ದಾರಿಯನ್ನು ಯಾರಾದರೂ ನೋಡಿಕೊಂಡು ನಡೆಯುತ್ತಾರೆಯೇ?

ಮಗಳು ತಾಯಿಯ ಬೆರಳುಗಳನ್ನು ಬಿಡಿಸಿ ಮೈಕು ತೆಗೆದುಕೊಂಡಳು.

"ಅಪ್ಪ, ನಾನು. ಟ್ಯೂಬು ಎಸೀರಿ. ಕ್ಯಾಬಿನ್ ಹಿಂದೆ ನೇತು ಹಾಕಿದಾರಲ್ಲ, ಅದು."

"ಇಲ್ಲಮ್ಮ. ಅವನು ಹಾಕಿದ್ದ ಜಾಗದಲ್ಲಿ ಇಲ್ಲ. ಗೋಡೆಯೆಲ್ಲ ತಡವಿದೆ."

ಮಗಳು ತಿರುಗಿದಳು. ಕೋಣೆಯಲ್ಲಿದ್ದವರೆಲ್ಲ ತಿರು‌ಗಿದರು.

"ಟ್ಯೂಬು ಎಲ್ಲಿಟ್ಟೆ ಅಮ್ಮ?"

ಸಿಡಿಲಕ್ಕನಿಗೆ ಚೆನ್ನಾಗಿ ನೆನಪಿತ್ತು. ಅಷ್ಟು ವರ್ಷ ಅದನ್ನು ಎಲ್ಲಿಡುತ್ತಿದ್ದಳೋ ಅಲ್ಲೇ ಇಟ್ಟಿದ್ದಳು. ಯಾವತ್ತೂ ಬೇಕಾಗದ ವಸ್ತು, ಕೈಗೆ ಕಾಲಿಗೆ ಅಡ್ಡ ಎಂದು.

"ಅಡೀಲಿ" ಎಂದಳು. "ಗಾಳದ ಬುಟ್ಟಿಗಳ ಅಡೀಲಿ. ಎಲ್ಲದಕ್ಕಿಂತ ಕೆಳಗೆ. ಹಗ್ಗ ಹಾಕಿ ಕಟ್ಟಿದೀನಿ."

ಮಗಳು ಒಂದಕ್ಷರ ಬಿಡದೆ ಅದನ್ನೇ ಅಪ್ಪನಿಗೆ ಹೇಳಿದಳು. ಅತ್ತಲಿಂದ ಹೂಂ ಎಂಬ ಸದ್ದು ಬಂತು, ಮತ್ತೆ ಸೊರಸೊರ. ಯಾರೂ ಕೂರಲಿಲ್ಲ. ಕಿಟಕಿಯ ಹೊರಗೆ ಬೆಳಕು ಕೊನೆಗೂ ಬಂದಿತ್ತು, ಬೂದಿ ಬಣ್ಣದ್ದು, ಯಾವ ಕೆಲಸಕ್ಕೂ ಸಾಲದ್ದು. ಮಗಳು ಮೈಕನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು, ತಾಯಿಯ ಕಡೆ ನೋಡುತ್ತಿರಲಿಲ್ಲ. ಸಿಡಿಲಕ್ಕ ಅವಳ ಭುಜ ಮುಟ್ಟಲು ಕೈ ಎತ್ತಿದಳು, ಮುಟ್ಟಲಿಲ್ಲ.

ಬಹಳ ಹೊತ್ತಿನ ಮೇಲೆ ಯಜಮಾನನ ಧ್ವನಿ ಮತ್ತೆ ಬಂತು.

"ಟ್ಯೂಬು ಸಿಕ್ತು ಮಗಳೇ. ಕೈಯಲ್ಲಿದೆ. ಯಾವ ಕಡೆ ಎಸೀಲಿ? ಈಗ ಅವನು ಕೂಗ್ತಾ ಇಲ್ಲ."